ಬೋರಿನ ನೀರಿನ ಹಲ್ಲು

ಹಲ್ಲಿನ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾಪಣ್ಣನ ಹೆಸರಿನ ಮುಂದೆ ಅಟೆಂಡರ್ ಎಂದಿತ್ತು. ಅಟೆಂಡರ್ ಅಂದರೆ ಬೆಳಿಗ್ಗೆ ವಿಭಾಗದ ಬಾಗಿಲು ತೆಗೆಯುವವನು, ಮೇಜು ಒರೆಸುವವನು, ಕಿತ್ತ ಹಲ್ಲುಗಳನ್ನು ತೊಳೆದು ಬಾಟಲಿಗೆ ತುಂಬುವವನು, ಸಾಹೇಬರು ಬಂದಾಗ ಸ್ಟೂಲಿನಿಂದ ಎದ್ದು ನಿಲ್ಲುವವನು. ಕಾಗದದ ಮಾತು ಇಷ್ಟೇ. ಕಾಗದ ನಂಬಿ ಕೂತರೆ ಯಾವ ಕಾಲೇಜು ನಡೆದೀತು ಹೇಳಿ! ಇಪ್ಪತ್ತೆರಡು ವರ್ಷಗಳಲ್ಲಿ ಕಲಬುರಗಿಯ ಆ ಕಾಲೇಜಿನಿಂದ ಎಂಡಿಎಸ್ ಮುಗಿಸಿ, ಹೆಸರಿನ ಮುಂದೆ ಹಿಂದೆ ಅಕ್ಷರ ಸೇರಿಸಿಕೊಂಡು ಹೋದವರಲ್ಲಿ ಅರ್ಧಕ್ಕರ್ಧ ಮಂದಿಯ ಪ್ರಬಂಧ ಮಾಪಣ್ಣನ ಬೆರಳ ತುದಿಯಲ್ಲಿ ತಯಾರಾಗಿತ್ತು. ಪ್ರಬಂಧದ ಕೊನೆಗೆ ತಂದೆ, ತಾಯಿ, ಕುಲದೇವರು, ಮನೆಯ ನಾಯಿಗೂ ಕೃತಜ್ಞತೆ ಇರುತ್ತಿತ್ತು. ಮಾಪಣ್ಣನ ಹೆಸರು ಇರುತ್ತಿರಲಿಲ್ಲ. ಅವನು ಹುಡುಕಿ ನೋಡಿದವನೂ ಅಲ್ಲ.

ಆ ವಿಭಾಗಕ್ಕೆ ಒಂದೇ ಹುಚ್ಚು. ಹಲ್ಲಿನ ಮೇಲಿನ ಗಟ್ಟಿ ಬಿಳಿ ಪದರಕ್ಕೆ, ಎನಾಮಲ್ ಅನ್ನುತ್ತಾರಲ್ಲ ಅದಕ್ಕೆ, ಅಂಟು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ನೋಡುವುದು. ವರ್ಷಕ್ಕೊಂದು ಹೊಸ ಕಂಪನಿಯ ಹೊಸ ಅಂಟು ಬರುತ್ತಿತ್ತು, ಅದನ್ನು ಅಳೆಯಲು ಒಬ್ಬ ವಿದ್ಯಾರ್ಥಿ ಸಿಗುತ್ತಿದ್ದ. ಕೆಲಸವೂ ಸುಲಭ, ನೋಡುವವರಿಗೆ. ಕಿತ್ತ ಹಲ್ಲನ್ನು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಅಚ್ಚಿನಲ್ಲಿ ಕುತ್ತಿಗೆ ಮಟ್ಟ ಹೂಳಬೇಕು. ಮೈಮೇಲೆ ನೀಲಿ ಆಸಿಡ್ ಹಚ್ಚಿ ಇಪ್ಪತ್ತು ಸೆಕೆಂಡ್ ಬಿಡಬೇಕು. ತೊಳೆದು, ಒಣಗಿಸಿ, ಅಂಟು ಸವರಿ, ನೀಲಿ ಬೆಳಕು ಹಿಡಿಯಬೇಕು. ಅದರ ಮೇಲೆ ತೊಗರಿಬೇಳೆಯಷ್ಟು ಮಸಾಲೆ ಕೂಡಿಸಿ ಮತ್ತೆ ಬೆಳಕು. ಮಸಾಲೆ ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗು, ಡಾಕ್ಟರುಗಳೇ ಹಾಗೆ ಕರೆಯುತ್ತಾರೆ. ಆಮೇಲೆ ಆ ಅಚ್ಚುಗಳನ್ನು ಡಬ್ಬಿಗೆ ಹಾಕಿ, ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಇಂಜಿನಿಯರಿಂಗ್ ಕಾಲೇಜಿಗೆ ಒಯ್ಯಬೇಕು. ಅಲ್ಲಿನ ಯಂತ್ರದ ಅಲಗು ಮೇಲಿಂದ ಒತ್ತುತ್ತ ಒತ್ತುತ್ತ ಬಂದು ಆ ಬೇಳೆಯನ್ನು ಹಲ್ಲಿನಿಂದ ಪಟ್ಟನೆ ಕೀಳುತ್ತದೆ. ಕಿತ್ತ ಹೊತ್ತಿಗೆ ಪರದೆಯ ಮೇಲೆ ಇದ್ದ ನಂಬರೇ ಪ್ರಬಂಧ, ನಂಬರೇ ಡಿಗ್ರಿ.

ಆ ವರ್ಷದ ವಿದ್ಯಾರ್ಥಿನಿ ಮೃದುಲಾ, ಉಳ್ಳವರ ಬಡಾವಣೆ ಖೂಬಾ ಪ್ಲಾಟಿನ ಹುಡುಗಿ. ಒಳ್ಳೆಯವಳು. ಈ ಕಥೆಯಲ್ಲಿ ಕೆಟ್ಟವರು ಯಾರೆಂದು ಹುಡುಕಬೇಡಿ, ಎಲ್ಲರೂ ಒಳ್ಳೆಯವರೇ, ಅದಕ್ಕೇ ಹೊಟ್ಟೆ ಉರಿಯುವುದು. ಮಾಪಣ್ಣನನ್ನು ಕಾಕಾ ಎಂದು ಕರೆಯುತ್ತಿದ್ದಳು, ಯುಗಾದಿಗೆ ಹೋಳಿಗೆ ಕಟ್ಟಿಕೊಂಡು ಬರುತ್ತಿದ್ದಳು. ಪ್ರಬಂಧದ ನಡುವೆ ಅವಳ ಮದುವೆ ಗೊತ್ತಾಯಿತು. ಸೀರೆ, ಪತ್ರಿಕೆ, ಛತ್ರ ಅಂತ ಓಡಾಟ ಶುರುವಾಗಿ ಅರವತ್ತು ಹಲ್ಲುಗಳು ಬಾಟಲಿಯಲ್ಲೇ ಕುಳಿತವು.

"ಕಾಕಾ, ನಿಮ್ಮ ಕೈ ನನ್ನ ಕೈಕಿಂತ ಚೊಲೋ ಅದ. ನೀವೇ ಒಂದೀಟು ಹಚ್ಚಿ ಇಡ್ರಿ. ಮಶೀನಿನ ಹೊತ್ತಿಗೆ ನಾ ಬರ್ತೀನಿ," ಎಂದಳು.

"ನೀವ್ ಮದಿವಿ ಕೆಲಸ ನೋಡ್ರಿ ಮೇಡಂ. ಇದು ನನಗ ಬಿಡ್ರಿ," ಎಂದ ಮಾಪಣ್ಣ. ಮನಸಿನಲ್ಲಿ ಹಿಗ್ಗಿಕೊಂಡೇ ಅಂದ, ಪಾಪ.

ಅರವತ್ತರಲ್ಲಿ ಮೂವತ್ತು ಒಳ್ಳೆಯ ಹಲ್ಲು, ಮೂವತ್ತು ಮಚ್ಚೆಯ ಹಲ್ಲು. ಹೊಸ ಅಂಟು ಎರಡಕ್ಕೂ ಒಂದೇ ಸಮ ಹಿಡಿಯುತ್ತದೆಯೇ ಎನ್ನುವುದೇ ಮೃದುಲಾಳ ಪ್ರಬಂಧದ ಪ್ರಶ್ನೆ. ಮಚ್ಚೆಯ ಹಲ್ಲು ಮಾಪಣ್ಣನಿಗೆ ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಕಲಬುರಗಿ ಹತ್ತಿರದ ಅವನೂರು ಕಮಲಾಪುರದಲ್ಲಿ, ಅವನ ಓಣಿಯ ಬೋರಿನ ಫ್ಲೋರೈಡ್ ನೀರು ಕುಡಿದು ಬೆಳೆದ ಮಕ್ಕಳಿಗೆಲ್ಲ ಅದೇ ಹಲ್ಲು: ಸುಣ್ಣದ ಚುಕ್ಕೆ, ನಡುವೆ ಚಹಾ ಬಣ್ಣದ ಗೆರೆ. ತಿಕ್ಕಿದರೆ ಹೋಗುವಂಥದ್ದಲ್ಲ. ಹಲ್ಲು ಹುಟ್ಟುವಾಗಲೇ ಅದರ ಒಳಗೆ ಕುಳಿತ ಕಲೆ.

ಆ ಹಲ್ಲಿನ ಸ್ವಭಾವವೂ ಅವನಿಗೆ ಗೊತ್ತಿತ್ತು. ಒಳ್ಳೆಯ ಹಲ್ಲಿಗೆ ಆಸಿಡ್ ಹಚ್ಚಿ ಇಪ್ಪತ್ತು ಎಣಿಸಿ ತೊಳೆದರೆ, ಒಣಗಿದ ಮೇಲೆ ಹೊಳಪು ಸತ್ತು ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ. ಆಗ ಅಂಟು ಹಿಡಿಯುತ್ತದೆ. ಬೋರಿನ ನೀರಿನ ಹಲ್ಲು ಮೊಂಡ ಹಲ್ಲು. ಇಪ್ಪತ್ತಕ್ಕೆ ಅದರ ಹೊಳಪು ಅಲುಗುವುದೇ ಇಲ್ಲ. ತೊಂಬತ್ತು ಎಣಿಸಬೇಕು. ಇದನ್ನು ಅವನಿಗೆ ಯಾವ ಪ್ರೊಫೆಸರೂ ಕಲಿಸಲಿಲ್ಲ. ಎಷ್ಟೋ ವರ್ಷದ ಹಿಂದೆ ಯಾರದೋ ಪ್ರಬಂಧದ ಹಲ್ಲು ಕೆಟ್ಟು ಕೆಟ್ಟು, ಮತ್ತೆ ಮತ್ತೆ ಹಚ್ಚಿ, ತಾನೇ ಕಂಡುಕೊಂಡಿದ್ದ. ಅವನನ್ನು ಯಾರೂ ಕೇಳಲಿಲ್ಲ, ಅವನು ಯಾರಿಗೂ ಹೇಳಲಿಲ್ಲ.

ಮೃದುಲಾಳ ಮೂವತ್ತು ಮಚ್ಚೆಯ ಹಲ್ಲುಗಳ ಮೇಲೂ ಅವನು ತೊಂಬತ್ತು ಎಣಿಸಿದ. ಮೋಸ ಮಾಡಬೇಕೆಂದಲ್ಲ, ದೇವರಾಣೆ. ಇಪ್ಪತ್ತಕ್ಕೇ ತೊಳೆದರೆ ಯಂತ್ರಕ್ಕೆ ಏರಿಸುವ ಮುಂಚೆಯೇ ಬೇಳೆ ಉದುರುತ್ತದೆ, ಹುಡುಗಿ ಮದುವೆ ಬಿಟ್ಟು ಮತ್ತೆ ಹಲ್ಲು ಹುಡುಕುತ್ತ ಅಲೆಯಬೇಕು. ಅದೂ ಅಲ್ಲದೆ ಮಾಪಣ್ಣ ಹಚ್ಚಿದ್ದು ತಾನಾಗಿ ಉದುರಿತು ಅಂತ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅಂದಿರಲಿಲ್ಲ. ಅಡುಗೆ ಮಾಡುವವಳು ಚಿಟಿಕೆ ಉಪ್ಪು ಹೆಚ್ಚಿಗೆ ಹಾಕಿದ್ದನ್ನು ಊರಿಗೆಲ್ಲ ಸಾರುತ್ತಾಳೆಯೆ? ಹಾಗೆ ಅವನಿಗೂ ಇದು ಹೇಳುವ ಮಾತು ಅನ್ನಿಸಲೇ ಇಲ್ಲ. ಪ್ರಬಂಧದಲ್ಲಿ ಮಾತ್ರ ಎಲ್ಲ ಹಲ್ಲಿಗೂ ಇಪ್ಪತ್ತು ಸೆಕೆಂಡ್ ಎಂದೇ ಅಚ್ಚಾಯಿತು.

ನಂಬರುಗಳು ಬಂದವು. ಒಳ್ಳೆಯ ಹಲ್ಲು, ಮಚ್ಚೆಯ ಹಲ್ಲು ಎರಡೂ ಹೆಚ್ಚು ಕಡಿಮೆ ಸಮ. ವಿಭಾಗದ ಮುಖ್ಯಸ್ಥರು ಡಾಕ್ಟರ್ ಹಣಮಂತರಾವ್ ಪ್ರಿಂಟಾದ ಹಾಳೆ ಹಿಡಿದು ಕಾರಿಡಾರಿಗೇ ಬಂದುಬಿಟ್ಟರು. "ಇಪ್ಪತ್ತು ಸೆಕೆಂಡಿನಾಗ ಮಚ್ಚಿ ಹಲ್ಲಿಗೂ ಹಿಡೀತದ ಅಂದ್ರ, ಇದು ಸಣ್ಣ ಮಾತಲ್ಲ ಮೃದುಲಾ!" ಎಂದರು. ಸಮ್ಮೇಳನದಲ್ಲಿ ಬಹುಮಾನ ಬಂತು, ಪತ್ರಿಕೆಯಲ್ಲಿ ಲೇಖನ ಬಂತು, ಅಂಟಿನ ಕಂಪನಿಯವರು ಶಾಲು ಹೊದಿಸಿದರು. ಮಾಪಣ್ಣನಿಗೆ ಒಂದು ಪೇಢೆ ಸಿಕ್ಕಿತು. ಅವನು ಅದನ್ನು ಕಾಗದದಲ್ಲಿ ಸುತ್ತಿ ಮಗಳಿಗೆ ತಂದುಕೊಟ್ಟ.

ಮಗಳು ಸಂಘಮಿತ್ರಾ. ಬಿ.ಕಾಂ. ಮುಗಿಸಿದ ಇಪ್ಪತ್ತೆರಡರ ಹುಡುಗಿ. ಕನ್ನಡ, ಹಿಂದಿ, ಮರಾಠಿ ಮೂರೂ ಪಟಪಟ ಮಾತಾಡುತ್ತಿದ್ದಳು. ಸೂಪರ್ ಮಾರ್ಕೆಟಿನ ಹತ್ತಿರದ ದೊಡ್ಡ ಬಂಗಾರದ ಅಂಗಡಿಯಲ್ಲಿ ಕೆಲಸಕ್ಕೆ ಹೋಗಿ ಕೇಳಿದ್ದಳು. ಮ್ಯಾನೇಜರು ಅವಳ ಮಾತಿಗೆ ಮೆಚ್ಚಿದ, ಲೆಕ್ಕಕ್ಕೆ ಮೆಚ್ಚಿದ, ಕೊನೆಗೆ ಪೆನ್ನು ಕೆಳಗಿಟ್ಟ. "ಎಲ್ಲಾ ಚೊಲೋ ಅದಮ್ಮಾ. ಆದ್ರ ಗಿರಾಕಿ ಮೊದಲು ನೋಡೋದು ಬಾಯಿನೇ. ಹಲ್ಲು ಸರಿ ಮಾಡಿಸ್ಕೊಂಡು ಬಾ, ಕೌಂಟರಿಗೆ ನಿಲ್ಲಸ್ತೀನಿ," ಎಂದ. ಅವಳು ಮನೆಗೆ ಬಂದು ಅಳಲಿಲ್ಲ. ಅತ್ತಿದ್ದರೆ ಮಾಪಣ್ಣನಿಗೆ ಅಷ್ಟು ನೋಯುತ್ತಿರಲಿಲ್ಲವೋ ಏನೋ.

"ಆರು ಹಲ್ಲು ಅಪ್ಪಾ. ಮುಂದಿನವು ಆರೇ ಆರು," ಎಂದಳು. "ನೀ ಹಲ್ಲಿನ ಕಾಲೇಜಿನಾಗೇ ಇದ್ದಿ. ಅಷ್ಟೂ ಆಗಂಗಿಲ್ಲೇನು?"

ಆಗುವ ಹಾಗೆಯೇ ದೇವರು ದಾರಿ ತೋರಿಸಿದ ಎಂದುಕೊಂಡ ಮಾಪಣ್ಣ. ಆ ಡಿಸೆಂಬರಿನಲ್ಲೇ ಕಂಪನಿಯವರು ಕಮಲಾಪುರದಲ್ಲಿ ಉಚಿತ ಶಿಬಿರ ಇಟ್ಟರು. ಮಚ್ಚೆ ಹಲ್ಲಿನ ಮೇಲೆ ಬಿಳಿ ಮಸಾಲೆಯ ತೆಳುವಾದ ಪದರ ಕೂಡಿಸಿ ಕೊಡುವ ಶಿಬಿರ. ಜನ ಕರೆತರುವ ಹೊಣೆ ಮಾಪಣ್ಣನದು. ಮನೆ ಮನೆಗೆ ತಿರುಗಿದ. ಬಸ್ ಸ್ಟ್ಯಾಂಡಿನ ಎದುರು ಬಳೆ ಮಾರುವ ಮಸ್ತಾನಬಿಯಿಂದ ಹಿಡಿದು ಮದುವೆಗೆ ನಿಂತ ಹುಡುಗರವರೆಗೆ, ಮಗಳೂ ಸೇರಿ ಮೂವತ್ತೆಂಟು ಮಂದಿ ಹೆಸರು ಬರೆಸಿದರು. ಮಸ್ತಾನಬಿ ಐವತ್ತು ದಾಟಿದ ಹೆಂಗಸು, ಊರಿಗೆಲ್ಲ ಕೇಳುವ ಹಾಗೆ ನಗುವವಳು.

"ಈ ವಯಸಿನಾಗ ನನಗ್ಯಾಕೋ ಭಾಯಿ? ಆದ್ರೂ ನೀ ಬಂದು ಕರದೀ ಅಂದಮ್ಯಾಲ ಬರ್ತೀನಿ. ನೀ ಏನ್ ನಮಗ ಕೆಟ್ಟದ್ದು ಮಾಡ್ತಿ?" ಎಂದಳು.

ಶಿಬಿರ ನಡೆದದ್ದು ಶಾಲೆಯಲ್ಲಿ. ಮೊದಲು ಕುಳಿತವಳು ಸಂಘಮಿತ್ರಾ, ಫೋಟೋಗೆ ಚೆಂದ ಕಾಣುತ್ತಾಳೆಂದು ಕಂಪನಿಯವನೇ ಆರಿಸಿದ್ದ. ಕೈತುಂಬ ಹಸಿರು ಬಳೆ ತೊಟ್ಟ ಮೃದುಲಾ ಅವಳ ಬಾಯಿಯ ಮೇಲೆ ಬಾಗಿದ್ದಳು. ಹಣಮಂತರಾವ್ ಸಾಹೇಬರು ಹಿಂದೆ ಕೈಕಟ್ಟಿ ನಿಂತಿದ್ದರು. ಮಾಪಣ್ಣ ಟ್ರೇ ಹಿಡಿದು ಪಕ್ಕದಲ್ಲೇ ಇದ್ದ. ಮೃದುಲಾ ಆರು ಹಲ್ಲಿಗೂ ನೀಲಿ ಆಸಿಡ್ ಹಚ್ಚಿದಳು. ಫೋನಿನಲ್ಲಿ ಇಪ್ಪತ್ತು ಸೆಕೆಂಡಿನ ಗಂಟೆ ಹೊಡೆಯಿತು. ತೊಳೆದಳು, ಗಾಳಿ ಊದಿದಳು.

ಹಲ್ಲು ಇನ್ನೂ ಹೊಳೆಯುತ್ತಿತ್ತು.

ಆ ಹೊತ್ತಿಗೆ, ಆ ಹೊತ್ತಿಗಷ್ಟೇ ಮಾಪಣ್ಣನಿಗೆ ತಾನು ಮಾಡಿದ್ದೇನು ಎಂಬುದು ಪೂರ್ತಿ ತಿಳಿದದ್ದು. ಇವರು ಇಪ್ಪತ್ತನ್ನು ನಂಬಿದ್ದು ತನ್ನ ತೊಂಬತ್ತರ ಮೇಲೆ. ಟ್ರೇ ಹಿಡಿದೇ ಅವನು ಮುಂದಕ್ಕೆ ಬಾಗಿದ.

"ಮೇಡಂ, ಇನ್ನೊಂದೀಟು..."

"ಏನೋ ಮಾಪಣ್ಣ?" ಎಂದರು ಸಾಹೇಬರು. ಗದರಿಸಲಿಲ್ಲ, ಸುಮ್ಮನೆ ಕೇಳಿದರು. ಕಂಪನಿಯವನೂ ತಿರುಗಿದ, ಕ್ಯಾಮೆರಾದವನೂ ತಿರುಗಿದ. ಏನೆಂದು ಹೇಳುತ್ತಾನೆ? ಆಸಿಡ್ ಇನ್ನಷ್ಟು ಹೊತ್ತು ಬಿಡಿ ಎಂದು ಡಾಕ್ಟರಿಗೆ ಅಟೆಂಡರ್ ಹೇಳುವುದೇ? ಯಾಕೆ ಎಂದರೆ? ಬಹುಮಾನ ಬಂದ ಪ್ರಬಂಧದ ಹಲ್ಲುಗಳಿಗೆ ನಾನೇ ಹಚ್ಚಿದ್ದು, ನೀವು ಬರೆದದ್ದು ಸುಳ್ಳು ಎನ್ನುವುದೇ?

"ಏನಿಲ್ರಿ ಸರ್. ನೀರು ಇನ್ನೊಂದೀಟು ತರ್ಲೇನ್ರಿ ಅಂದೆ."

ಅಷ್ಟೇ. ನೀರು ತಂದ. ಆಮೇಲಾದರೂ ಮೃದುಲಾಳನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು, ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಬಹುದಿತ್ತು. ಹೇಳಲಿಲ್ಲ, ಹೇಡಿ! ಮೂವತ್ತೆಂಟು ಬಾಯಿಗಳ ಮುಂದೆ ಟ್ರೇ ಹಿಡಿದು ನಿಂತು, ಪ್ರತಿ ಬಾರಿಯೂ ಇಪ್ಪತ್ತರ ಗಂಟೆ ಕೇಳಿದ. ಹೊಸ ಅಂಟು ನಿಜಕ್ಕೂ ಬಿಗಿಯಾಗಿದ್ದರೂ ಇರಬಹುದು, ಡಾಕ್ಟರುಗಳಿಗೆ ಗೊತ್ತಿಲ್ಲದ್ದು ತನಗೇನು ಗೊತ್ತು ಎಂದು ತನಗೆ ತಾನೇ ಹೇಳಿಕೊಂಡ.

ಎರಡು ವಾರ ಓಣಿಗೆ ಓಣಿಯೇ ನಕ್ಕಿತು. ಸಂಘಮಿತ್ರಾ ಬೂದು ಬಣ್ಣದ ಸಮವಸ್ತ್ರ ತೊಟ್ಟು ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೋಗಲು ಶುರುಮಾಡಿದಳು. ಅವ್ವ ಮಾನಮ್ಮ ಮಗಳ ಮುಖ ನೋಡುವ ನೆಪಕ್ಕೆ ಇಲ್ಲದ ಮಾತು ತೆಗೆದು ನಗಿಸುತ್ತಿದ್ದಳು. ಮೂರನೆಯ ವಾರ ಮಸ್ತಾನಬಿಯ ಒಂದು ಪದರ ಖಡಕ್ ರೊಟ್ಟಿಯ ಜೊತೆ ಬಾಯಲ್ಲಿ ಕಲ್ಲಾಗಿ ಸಿಕ್ಕಿತು. ಮರುದಿನ ಇನ್ನೊಬ್ಬರದು. ಆಮೇಲೆ ದಿನಾ ಒಬ್ಬರಲ್ಲ ಒಬ್ಬರು ಅಂಗೈಯಲ್ಲಿ ಚೂರು ಹಿಡಿದುಕೊಂಡು ಮಾಪಣ್ಣನ ಮನೆ ಬಾಗಿಲಿಗೆ ಬರತೊಡಗಿದರು.

ಸಂಘಮಿತ್ರಾಳದು ಬಿದ್ದದ್ದು ಅಂಗಡಿಯಲ್ಲೇ. ಒಬ್ಬಾಕೆ ಗಿರಾಕಿಗೆ ಬಿಲ್ವಾರದ ಬಳೆ ತೋರಿಸುತ್ತಿದ್ದಳಂತೆ. ಏನೋ ಮಾತಿಗೆ ನಕ್ಕಳು, ಮೇಲಿನ ಎರಡು ಪದರ ಕಳಚಿ ಕೆಂಪು ಮಖಮಲ್ಲಿನ ತಟ್ಟೆಯೊಳಗೆ ಬಂಗಾರದ ನಡುವೆ ಬಿದ್ದವು. ಗಿರಾಕಿ ಅದನ್ನು ಬೆರಳಿನಿಂದ ಎತ್ತಿ ಹಿಡಿದು, "ಇದೇನು, ಮುತ್ತು ಉದುರ್ತೇನು?" ಎಂದು ಕೇಳಿದಳಂತೆ. ಆಮೇಲೆ ಅದೇನೆಂದು ತಿಳಿದು, ಛೀ ಎಂದು ಕೈ ಕೊಡವಿದಳಂತೆ. ಮ್ಯಾನೇಜರು ಒಂದು ವಾರದ ಗಡುವು ಕೊಟ್ಟ. ಸರಿಯಾದ ಹಲ್ಲಿನೊಂದಿಗೆ ಬಾ, ಇಲ್ಲವಾದರೆ ಬರಬೇಡ ಎಂದ. ಅವಳು ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡು ಬಸ್ಸಿನಲ್ಲಿ ಬಂದಳು. ಓಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮನೆಯೊಳಗೆ ಬಂದು ಅಪ್ಪನ ಎದುರು ಮಾಸ್ಕ್ ತೆಗೆದಳು.

ಮರುದಿನ ಅವನು ಓಣಿಯವರೆಲ್ಲ ತಂದುಕೊಟ್ಟಿದ್ದ ಚೂರುಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಸಾಹೇಬರ ಕೋಣೆಗೆ ಹೋದ. ಅಲ್ಲಿ ಮೃದುಲಾಳೂ ಇದ್ದಳು. ಒಳ್ಳೆಯದೇ ಆಯಿತು ಎಂದುಕೊಂಡು ಗಂಟು ಬಿಚ್ಚಿ ಮೇಜಿನ ಮೇಲಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ಹಲ್ಲಿಗೆ ಹಚ್ಚಿದ್ದು ತಾನು. ಮಚ್ಚೆಯ ಹಲ್ಲಿಗೆ ಇಪ್ಪತ್ತಲ್ಲ, ತೊಂಬತ್ತು ಎಣಿಸಿದ್ದು ತಾನು. ಶಿಬಿರದಲ್ಲಿ ನೋಡಿಯೂ ಬಾಯಿ ಮುಚ್ಚಿಕೊಂಡದ್ದೂ ತಾನೇ.

"ತಪ್ಪು ನನ್ನದು ಸರ್. ಏನ್ ಶಿಕ್ಷೆ ಬೇಕಾದ್ರೂ ಕೊಡ್ರಿ. ಆದ್ರ ಆ ಮಂದಿಗಿ ಮತ್ತೊಮ್ಮೆ ಹಚ್ಚಿಕೊಡ್ರಿ. ಆಸಿಡ್ ತೊಂಬತ್ತು ಎಣಿಸೋತನಕ ಬಿಟ್ರ ನಿಲ್ತದ ಸರ್, ನಾ ಮೂವತ್ತು ಹಲ್ಲಿಗಿ ಹಚ್ಚಿ ನೋಡೀನಿ."

ಸಾಹೇಬರು ಎದ್ದು ಬಾಗಿಲು ಹಾಕಿ ಬಂದು ಕುಳಿತರು. "ಮೃದುಲಾ, ಸ್ಯಾಂಪಲ್ ಯಾರು ಮಾಡ್ಯಾರ?"

ಮೃದುಲಾ ಬಳೆ ತಿರುವುತ್ತ ಕುಳಿತಿದ್ದಳು. "ನಾನೇ ಮಾಡೀನಿ ಸರ್. ಎಲ್ಲಾನೂ," ಎಂದಳು. ಮಾಪಣ್ಣನ ಕಡೆ ನೋಡಲಿಲ್ಲ. "ಕಾಕಾ, ನೀವ್ಯಾಕ ಹೀಂಗ ಹೇಳ್ಲಿಕ್ಕತ್ತೀರಿ?" ಎಂದು ಕೇಳಿದಳು. ಅವಳಿಗೆ ನಾಚಿಕೆಯಾಗಿತ್ತು, ನಿಜ. ನಾಚಿಕೆಯಾದರೆ ಏನು ಬಂತು? ಪ್ರಬಂಧದ ಮೊದಲ ಪುಟದಲ್ಲೇ ಇದು ನನ್ನ ಸ್ವಂತ ಕೆಲಸ ಎಂದು ಸಹಿ ಮಾಡಿದ್ದಳು, ಕೆಳಗೆ ಸಾಹೇಬರೂ ಸಹಿ ಮಾಡಿದ್ದರು.

"ಕೇಳಿದ್ಯಾ? ನಿನ್ನ ಕೆಲಸ ಹಲ್ಲು ತೊಳಿಯೋದು," ಎಂದರು ಸಾಹೇಬರು, ಬಹಳ ಮೆತ್ತಗೆ. "ತೊಳದೀ. ಅಲ್ಲಿಗೆ ಮುಗೀತು. ನೀ ಹಚ್ಚೇ ಇಲ್ಲ ಅಂದಮ್ಯಾಲೆ ನಿನ್ನ ತಪ್ಪು ಎಲ್ಲಿಂದ ಬಂತು? ಸುಮ್ಮನ ಮೈಮ್ಯಾಲೆ ಎಳಕೋಬ್ಯಾಡ."

ಮಾಪಣ್ಣನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಂದು ತಪ್ಪನ್ನು ಧೈರ್ಯ ಮಾಡಿ ತನ್ನದೆಂದು ಹೇಳಿಕೊಂಡರೆ, ಅದನ್ನೂ ಅವನದೆಂದು ಒಪ್ಪಲು ಇವರು ತಯಾರಿಲ್ಲ. ಇಪ್ಪತ್ತೆರಡು ವರ್ಷ ಅವನ ಕೈಯ ಕೆಲಸವನ್ನು ತಮ್ಮದೆಂದು ಬರೆದುಕೊಂಡವರು ಇವತ್ತು ಅವನ ಪಾಪವನ್ನೂ ಕಿತ್ತುಕೊಂಡರು. ಹಾಳಾಗಿ ಹೋಗಲಿ ಎಂದು ಗಂಟು ಅಲ್ಲೇ ಬಿಟ್ಟು ತಿರುಗಿದ.

"ನಿಂದ್ರು," ಎಂದರು ಸಾಹೇಬರು. "ನಿನ್ನ ಮಗಳಿಗೆ ಹಲ್ಲಿನ ಮ್ಯಾಲೇ ನೌಕರಿ ಸಿಕ್ಕದ್ದು ಮೃದುಲಾ ಹೇಳ್ಯಾಳ. ಇವತ್ತ ಸಂಜೀಕೆ ನನ್ನ ಕ್ಲಿನಿಕ್ಕಿಗೆ ಕರಕೊಂಡು ಬಾ. ನಾನೇ ಮಾಡ್ತೀನಿ. ಆದ್ರ ಈ ಮಾತು ಈ ಕೋಣೆ ದಾಟಬಾರದು. ತಿಳೀತೇನು?"

ಒಲ್ಲೆ ಎನ್ನಬಹುದಿತ್ತು. ಎನ್ನುತ್ತಾನೆಯೆ? ಮನೆಯಲ್ಲಿ ಮಗಳು ಮಾಸ್ಕ್ ಹಾಕಿಕೊಂಡೇ ಕುಳಿತಿದ್ದಳು, ಅವ್ವನ ಎದುರೂ ತೆಗೆಯುತ್ತಿರಲಿಲ್ಲ. ಗಡುವಿನಲ್ಲಿ ಉಳಿದದ್ದು ಆರೇ ದಿನ.

ಸಂಜೆ ಕ್ಲಿನಿಕ್ಕಿನಲ್ಲಿ ಸಾಹೇಬರು ನರ್ಸನ್ನು ಹೊರಗೆ ಕಳಿಸಿದರು. ಸಂಘಮಿತ್ರಾಳ ಬಾಯಲ್ಲಿ ಉಳಿದಿದ್ದ ನಾಲ್ಕು ಪದರಗಳನ್ನೂ ಕೆರೆದು ತೆಗೆದು, ಹಲ್ಲು ಒರೆಸಿ, ನೀಲಿ ಆಸಿಡ್ಡಿನ ಕೊಳವೆ ಕೈಗೆ ತೆಗೆದುಕೊಂಡರು. ಆಮೇಲೆ ಮಾಪಣ್ಣನ ಕಡೆ ತಿರುಗದೆಯೇ ಕೇಳಿದರು.

"ಎಷ್ಟು ಎಣಿಸ್ತಿದ್ದಿ ಅಂದಿ?"

"ತೊಂಬತ್ರಿ."

ಬೆಳಿಗ್ಗೆ ನೀನು ಹಚ್ಚೇ ಇಲ್ಲ ಎಂದ ಮನುಷ್ಯ ಈಗ ತೊಂಬತ್ತು ಎಣಿಸಿದರು. ಮಾಪಣ್ಣನೂ ಮನಸಿನಲ್ಲಿ ಎಣಿಸಿದ. ತೊಳೆದು ಗಾಳಿ ಊದಿದಾಗ ಆರೂ ಹಲ್ಲುಗಳ ಹೊಳಪು ಸತ್ತು ಸುಣ್ಣದ ಬಿಳುಪು ಬಂದಿತ್ತು. ಸಾಹೇಬರು ಒಂದೊಂದೇ ಹಲ್ಲನ್ನು ಬೆಳಕು ಹಿಡಿದು ನೋಡಿದರು. "ಶಾಣ್ಯಾ ಅದೀ ನೀ," ಎಂದರು. ಅದು ಇಪ್ಪತ್ತೆರಡು ವರ್ಷದಲ್ಲಿ ಅವರು ಅವನಿಗೆ ಕೊಟ್ಟ ಒಂದೇ ಹೊಗಳಿಕೆ, ಅದೂ ಮುಚ್ಚಿದ ಬಾಗಿಲ ಹಿಂದೆ.

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಸಂಘಮಿತ್ರಾ ಎಲ್ಲ ಕೇಳಿಸಿಕೊಂಡಿದ್ದಳು. ಬಸ್ಸು ಕಲಬುರಗಿ ದಾಟಿದ ಮೇಲೆ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಅವತ್ತು ಸಾಲ್ಯಾಗ ನೀ ನನ್ನ ಬಾಜೂಕೇ ನಿಂತಿದ್ದಿ," ಎಂದಳು.

"ಹೂಂ."

"ಇಪ್ಪತ್ತಕ್ಕ ನಿಲ್ಲಂಗಿಲ್ಲ ಅಂತ ಗೊತ್ತಿತ್ತು ನಿನಗ."

"ಗೊತ್ತಿತ್ತವ್ವಾ."

"ಮತ್ತ ಓಣಿ ಮಂದೀದು? ಮಸ್ತಾನಬಿ ಖಾಲಾಂದು?"

"ಸಾಹೇಬ್ರು ನೋಡ್ತೀನಿ ಅಂದಾರ," ಎಂದ ಮಾಪಣ್ಣ. ಸಾಹೇಬರು ಹಾಗೆ ಅಂದೇ ಇರಲಿಲ್ಲ. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಸಾಹೇಬರು ನೋಡಿದ್ದು ನಿಜ, ತಮ್ಮ ರೀತಿಯಲ್ಲಿ. ಹತ್ತು ದಿನಕ್ಕೆ ಮಾಪಣ್ಣನ ಕೈಗೆ ಮೂವತ್ತೇಳು ಅಚ್ಚಾದ ಹಾಳೆ ಬಂದವು. ಗಟ್ಟಿ ಪದಾರ್ಥ ಕಚ್ಚಿದ್ದೀರಾ? ತಂಬಾಕು, ಎಲೆ ಅಡಿಕೆ ಹಾಕುತ್ತೀರಾ? ದಿನಕ್ಕೆ ಎಷ್ಟು ಬಾರಿ ಹಲ್ಲುಜ್ಜುತ್ತೀರಿ? ಕೆಳಗೆ ರೋಗಿಯ ಸಹಿ. ಅಂಟು ಯಾಕೆ ಬಿಟ್ಟಿತೆಂದು ಕಂಪನಿಗೆ ಉತ್ತರ ಕೊಡಬೇಕಿತ್ತು, ಕಮಲಾಪುರದ ಮಂದಿಯ ಅಭ್ಯಾಸ ಸರಿಯಿಲ್ಲ ಎನ್ನುವುದು ಉತ್ತರ. ಖಡಕ್ ರೊಟ್ಟಿ ತಿಂದರಂತೆ! ಇಡೀ ಜಿಲ್ಲೆ ತಿನ್ನುವ ರೊಟ್ಟಿ, ಖೂಬಾ ಪ್ಲಾಟಿನವರೂ ತಿನ್ನುವ ರೊಟ್ಟಿ. ಮನೆ ಮನೆಗೆ ಹೋಗಿ ಹಾಳೆ ತುಂಬಿಸಿಕೊಂಡು ಬರುವ ಕೆಲಸ ಯಾರದು? ಕರೆದು ತಂದವನದೇ. ಅವನೂ ಹೋದ. ಒಂದೊಂದು ಮನೆಯಲ್ಲೂ ಜನ ಅವನಿಗೆ ಚಹಾ ಕೊಟ್ಟು, ತಿಂದದ್ದು ಉಂಡದ್ದೆಲ್ಲ ತಪ್ಪೊಪ್ಪಿಗೆಯ ಹಾಗೆ ಹೇಳಿ ಸಹಿ ಹಾಕಿದರು. ಒಬ್ಬರಾದರೂ ಅವನನ್ನು ಬೈದಿದ್ದರೆ ಅವನಿಗೆ ಉಸಿರಾಡಲು ಆಗುತ್ತಿತ್ತು. ಒಬ್ಬರೂ ಬೈಯಲಿಲ್ಲ.

ಕೊನೆಗೆ ಉಳಿದದ್ದು ಮಸ್ತಾನಬಿಯ ಹಾಳೆ. ಹೊತ್ತು ಮುಳುಗುವ ವೇಳೆಗೆ ಬಳೆ ಅಂಗಡಿಗೆ ಹೋಗಿ ಕುಳಿತ. ಅವಳ ಮುಂದಿನ ಹಲ್ಲುಗಳಲ್ಲಿ ಮೂರಕ್ಕೆ ಪದರ ಇತ್ತು, ಮೂರಕ್ಕೆ ಇರಲಿಲ್ಲ. ಮೊದಲಿಗಿಂತ ವಿಕಾರವಾಗಿತ್ತು. ಈಗ ಅವಳು ಮಾತಾಡುವಾಗ ಮೇಲ್ದುಟಿ ಎಳೆದುಕೊಂಡು ಮಾತಾಡುತ್ತಿದ್ದಳು, ನಗುವುದನ್ನು ಬಿಟ್ಟೇಬಿಟ್ಟಿದ್ದಳು. ಅಷ್ಟರಲ್ಲಿ ಕಲಬುರಗಿಯ ಬಸ್ಸು ಬಂತು. ಸಂಘಮಿತ್ರಾ ಇಳಿದು, ಅಪ್ಪನನ್ನು ಕಂಡು ಅಂಗಡಿಗೆ ಬಂದಳು. ಅವಳ ನೌಕರಿ ಕಾಯಂ ಆಗಿ ಎರಡು ದಿನವಾಗಿತ್ತು.

ಮಸ್ತಾನಬಿ ಹುಡುಗಿಯ ಬಾಯನ್ನೇ ನೋಡಿದಳು. ಹೊಟ್ಟೆಕಿಚ್ಚಿನಿಂದ ಅಲ್ಲ, ಖರೇ ತಿಳಿಯದೆ.

"ಭಾಯಿ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ. ಇಕೀನೂ ಅದೇ ಕುರ್ಚಿ ಮ್ಯಾಲ ಕುಂತಿದ್ಲು, ಅದೇ ಡಾಕ್ಟರಮ್ಮ ಹಚ್ಚಿದ್ಲು. ಊರಾಗ ಎಲ್ಲಾರ್ದೂ ಹೋದ್ವು. ಇಕೀದು ಹ್ಯಾಂಗ ಉಳದಾವ?"

ಮಾಪಣ್ಣ ಹಾಳೆಯನ್ನು ತೊಡೆಯ ಮೇಲಿಟ್ಟ. ಸಾಕಾಗಿತ್ತು ಅವನಿಗೆ. ನೌಕರಿ ಹೋದರೆ ಹೋಗಲಿ, ಸಾಹೇಬರು ಏನಾದರೂ ಮಾಡಿಕೊಳ್ಳಲಿ, ಈ ಹೆಂಗಸಿನ ಮುಂದೆ ಇನ್ನೊಂದು ಸುಳ್ಳು ಆಗುವುದಿಲ್ಲ ಎಂದು ಅವನ ಜೀವವೇ ಹೇಳಿತು.

"ಮಸ್ತಾನಬಿ, ಖರೇ ಹೇಳ್ತೀನಿ ಕೇಳ್ರಿ. ನಿಮ್ಮದೇನೂ ತಪ್ಪಿಲ್ಲ. ಅದು..."

"ನಾ ದಿನಾ ಎರಡು ಸಲ ತಿಕ್ಕೊಂತೀನಿ ಖಾಲಾ," ಎಂದಳು ಸಂಘಮಿತ್ರಾ.

ಅಪ್ಪ ತಲೆಯೆತ್ತಿ ಮಗಳನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. ಮಸ್ತಾನಬಿಯ ಕಡೆ ತಿರುಗಿ, ಗಿರಾಕಿಗೆ ಒಡವೆಯ ಗುಣ ಹೇಳುವಂಥ ನಯವಾದ ದನಿಯಲ್ಲಿ ಮುಂದುವರಿಸಿದಳು. "ಗಟ್ಟಿದು ಒಂದೂ ಕಚ್ಚಿಲ್ಲ. ರೊಟ್ಟಿ ಸುದ್ದಾ ಹಾಲಿನಾಗ ನೆನಸಿ ತಿಂತೀನಿ. ಡಾಕ್ಟರ್ ಹೇಳಿದ್ದು ಹೇಳಿದಂಗ ಕೇಳೀನಿ, ಅದಕ್ಕ ಉಳದಾವ." ಹೇಳಿ ಮುಗಿಸಿ ನಕ್ಕಳು. ಆರೂ ಹಲ್ಲು ಕಂಡವು. ಒಂದೂ ಅಲುಗಿರಲಿಲ್ಲ.

ಮಾಪಣ್ಣನಿಗೆ ಮಗಳ ಮೇಲೆ ಸಿಟ್ಟು ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಸಿಟ್ಟಾಗುತ್ತಾನೆ? ಬಾಯಿ ಮುಚ್ಚಿಕೊಂಡು ಬದುಕುವುದನ್ನು ಅವಳು ಕಲಿತದ್ದು ಅವನಿಂದ. ಈಗ ಅವಳು ತನ್ನ ಬಾಯಿ ಮುಚ್ಚದೆಯೇ ಅವನ ಬಾಯಿ ಮುಚ್ಚಿಸಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳ ನಗು ನೋಡಿ ಅಸಹ್ಯಪಡುವ ದಿನ ಬಂತಲ್ಲಾ ಎಂದು ಅವನಿಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಮಸ್ತಾನಬಿ ತಲೆಯಾಡಿಸಿದಳು. ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು.

"ಹೌದವ್ವಾ, ಶಾಣ್ಯಾಕಿ ಅದೀ ನೀ. ಗಲತಿ ನಮ್ದೇ. ನಿಮ್ಮಪ್ಪ ಪಾಪ ಅಷ್ಟು ತಿರುಗಾಡಿ ಚೊಲೋದು ಮಾಡಿಸ್ದ, ನಮಗ ಉಳಿಸ್ಕೊಳ್ಳಾಕ ಬರಲಿಲ್ಲ. ಬರಕೋ ಭಾಯಿ, ಖಡಕ್ ರೊಟ್ಟಿ ತಿಂದ್ಲು ಅಂತ ಬರಕೋ. ಸುಳ್ಳ್ಯಾಕ ಹೇಳ್ಲಿ?"

ಮಾಪಣ್ಣ ಪೆನ್ನಿನ ಮುಚ್ಚಳ ತೆಗೆದ. ರೊಟ್ಟಿ ಎಂದು ಬರೆದ. ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು ಮುಂದಿನ ಪ್ರಶ್ನೆ ಓದಿ ಕೇಳಿದ.

"ದಿನಕ್ಕ ಎಷ್ಟು ಸಲ ತಿಕ್ಕೊಂತೀರಿ?"